‘ಎಷ್ಟು?’ ಅಂತ ಒಂದು ಸಲ ಕೇಳಿ ನೋಡಿ

ಭೌತಶಾಸ್ತ್ರದ ಬಗ್ಗೆ ನಾಲ್ಕು ಮಾತು ಬರೆಯುವವರಿಗೆಲ್ಲ ಒಂದು ಥರದ ಪತ್ರಗಳು ಬರುತ್ತವೆ. ‘ಐನ್‌ಸ್ಟೈನ್ ಹೇಳಿದ್ದು ತಪ್ಪು, ಸರಿಯಾದ ಸಿದ್ಧಾಂತ ನನ್ನ ಹತ್ತಿರ ಇದೆ’ ಅಂತ ಶುರು. ಆಮೇಲೆ ಹದಿನೈದಿಪ್ಪತ್ತು ಪುಟ. ಸುಳಿಗಳಿರುತ್ತವೆ, ಅಲೆಗಳಿರುತ್ತವೆ, ಕಂಪನವಿರುತ್ತದೆ, ಬಣ್ಣದ ಬಾಣ ಹಾಕಿದ ಚಿತ್ರಗಳಿರುತ್ತವೆ. ಅಳೆದು ನೋಡಬಹುದಾದ ಒಂದೇ ಒಂದು ಅಂಕಿ ಮಾತ್ರ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಇಂಥವನ್ನು ಓದಿ ನಗುವುದು ಸುಲಭ. ನನಗೆ ನಗು ಬರುವುದಿಲ್ಲ. ಅದರ ಹಿಂದಿರುವ ಪ್ರಶ್ನೆಗಳು ಎಷ್ಟೋ ಸಲ ಚೆನ್ನಾಗಿಯೇ ಇರುತ್ತವೆ. ಬೆಳಕಿಗಿಂತ ಜಾಸ್ತಿ ವೇಗದಲ್ಲಿ ಯಾಕೆ ಹೋಗಬಾರದು? ನೋಡಿದಾಗ ಒಂಥರ, ನೋಡದಿದ್ದಾಗ ಇನ್ನೊಂಥರ ಇರುವ ಕಣ ಅಂದರೆ ಏನು? ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರನ್ನು ವಿಜ್ಞಾನಿಗಳು ನಂಬಬಹುದಾದರೆ ನಾನು ನನ್ನ ಕಲ್ಪನೆಯನ್ನು ನಂಬಬಾರದಾ? ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ. ಎಡವಟ್ಟಾಗುವುದು ಉತ್ತರ ಕೊಡುವಾಗ.

ಅಂಥ ಉತ್ತರ ಬಂದಾಗ ನಾನು ವಾಪಸ್ ಕೇಳುವುದು ಒಂದೇ ಮಾತು. ಎಷ್ಟು?

‘ಗಡಿಯಾರ ನಿಧಾನವಾಗುತ್ತದೆ’ ಅಂದರೆ ಎಷ್ಟು ನಿಧಾನ? ‘ಗುರುತ್ವ ಅಂದರೆ ಒತ್ತಡ’ ಅಂದರೆ ಎಷ್ಟು ಒತ್ತಡ, ಯಾವ ಎತ್ತರದಲ್ಲಿ? ಈ ಪ್ರಶ್ನೆಗೆ ಎಷ್ಟು ಬಲ ಇದೆ ಅನ್ನುವುದು ಒಂದು ಉಪಗ್ರಹದ ಕಥೆ ಕೇಳಿದರೆ ಗೊತ್ತಾಗುತ್ತದೆ.

ಜೂನ್ 1977. ಅಮೆರಿಕದವರು ಎನ್‌ಟಿಎಸ್-2 ಅನ್ನುವ ಉಪಗ್ರಹ ಹಾರಿಸಿದರು. ಇವತ್ತು ನಮ್ಮ ಫೋನಿನಲ್ಲಿ ದಾರಿ ತೋರಿಸುವ ಜಿಪಿಎಸ್ ವ್ಯವಸ್ಥೆಗೆ ಅದು ಮುನ್ನುಡಿ. ಅದರೊಳಗೆ ಸೀಸಿಯಮ್ ಪರಮಾಣು ಗಡಿಯಾರ ಇತ್ತು. ಕಕ್ಷೆಯಲ್ಲಿ ಈ ಗಡಿಯಾರ ನೆಲದ ಗಡಿಯಾರಕ್ಕಿಂತ ಬೇರೆ ವೇಗದಲ್ಲಿ ಓಡಬೇಕು ಅಂತ ಐನ್‌ಸ್ಟೈನ್‌ನ ಸಾಪೇಕ್ಷತಾ ಸಿದ್ಧಾಂತ ಹೇಳುತ್ತದೆ. ಎರಡು ಕಾರಣ. ಉಪಗ್ರಹ ಜೋರಾಗಿ ಓಡುತ್ತಿರುವುದರಿಂದ ಗಡಿಯಾರ ದಿನಕ್ಕೆ ಸುಮಾರು 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತದೆ. ಸುಮಾರು 20 ಸಾವಿರ ಕಿಲೋಮೀಟರ್ ಮೇಲೆ ಗುರುತ್ವ ಕಮ್ಮಿ ಇರುವುದರಿಂದ ದಿನಕ್ಕೆ ಸುಮಾರು 45 ಮೈಕ್ರೋಸೆಕೆಂಡ್ ಮುಂದೆ ಹೋಗುತ್ತದೆ. ಕಳೆದರೆ 38ರಷ್ಟು ಮುಂದೆ. ಒಂದು ಮೈಕ್ರೋಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು.

ತಮಾಷೆ ಏನೆಂದರೆ, ಯೋಜನೆಯಲ್ಲಿದ್ದ ಎಲ್ಲರಿಗೂ ಈ ಲೆಕ್ಕದ ಮೇಲೆ ನಂಬಿಕೆ ಇರಲಿಲ್ಲ. ಇದೆಲ್ಲ ನಿಜಕ್ಕೂ ಆಗುತ್ತದಾ ಅಂತ ಅನುಮಾನ ಪಟ್ಟವರೂ ಇದ್ದರು. ಅದಕ್ಕೇ ಒಂದು ಉಪಾಯ ಮಾಡಿದರು. ಗಡಿಯಾರದ ವೇಗ ಸರಿಪಡಿಸುವ ಒಂದು ಸಾಧನವನ್ನು ಉಪಗ್ರಹದಲ್ಲಿ ಇಟ್ಟರು, ಆದರೆ ಆನ್ ಮಾಡಲಿಲ್ಲ. ಗಡಿಯಾರವನ್ನು ಸುಮಾರು 20 ದಿನ ಸುಮ್ನೆ ಅದರ ಪಾಡಿಗೆ ಓಡಲು ಬಿಟ್ಟು ನೋಡಿದರು. ಲೆಕ್ಕದ ಪ್ರಕಾರ ಗಡಿಯಾರ ಒಂದು ಲಕ್ಷ ಕೋಟಿಯಲ್ಲಿ 446.5 ಪಾಲು ವೇಗವಾಗಿ ಓಡಬೇಕಿತ್ತು. ಅಳತೆಯಲ್ಲಿ ಬಂದದ್ದು 442.5. ಅಂದರೆ ನೂರಕ್ಕೆ ಒಂದರಷ್ಟೂ ವ್ಯತ್ಯಾಸ ಇಲ್ಲ. ಆಮೇಲೆ ಆ ಸಾಧನ ಆನ್ ಮಾಡಿದರು.

ನನಗೆ ಈ ಕಥೆ ಇಷ್ಟವಾಗುವುದು ಅನುಮಾನ ಪಟ್ಟವರ ಕಾರಣಕ್ಕೆ. ಅವರನ್ನು ಯಾರೂ ಬೈದು ಕೂರಿಸಲಿಲ್ಲ, ಅವರೂ ಹಟ ಹಿಡಿಯಲಿಲ್ಲ. ಒಂದು ಸ್ವಿಚ್ ಇಟ್ಟರು, ಕಾದರು, ಅಂಕಿ ಬಂತು, ಮಾತು ಮುಗಿಯಿತು.

ಇದೇ ಪ್ರಶ್ನೆಯನ್ನು ನಮ್ಮ ಕಡೆಯವರಿಗೂ, ಅಂದರೆ ವಿಜ್ಞಾನದ ಪರ ಬರೆಯುವವರಿಗೂ, ಕೇಳಬೇಕು. ‘ಸಾಪೇಕ್ಷತೆ ಮರೆತರೆ ಜಿಪಿಎಸ್ ದಿನಕ್ಕೆ 11 ಕಿಲೋಮೀಟರ್ ತಪ್ಪು ಜಾಗ ತೋರಿಸುತ್ತದೆ’ ಅಂತ ಎಲ್ಲ ಕಡೆ ಬರೆಯುತ್ತಾರೆ. 38 ಮೈಕ್ರೋಸೆಕೆಂಡಿನಲ್ಲಿ ಬೆಳಕು 11 ಕಿಲೋಮೀಟರ್ ಚಿಲ್ಲರೆ ದಾಟುತ್ತದೆ, ಅದು ನಿಜ. ಆದರೆ ಎಲ್ಲ ಉಪಗ್ರಹಗಳ ಗಡಿಯಾರವೂ ಒಂದೇ ಸಮ ಮುಂದೆ ಹೋದರೆ, ಫೋನು ತನ್ನ ಸ್ವಂತ ಗಡಿಯಾರದ ತಪ್ಪನ್ನು ಕಳೆಯುವಾಗ ಇದರ ಬಹುಪಾಲೂ ಅದರ ಜೊತೆಗೇ ಕಳೆದುಹೋಗುತ್ತದೆ. ಉಪಗ್ರಹದ ಗಡಿಯಾರಗಳನ್ನು ಸರಿ ಮಾಡಲೇಬೇಕು ಅನ್ನುವುದು ಸರಿ, 11 ಕಿಲೋಮೀಟರಿನ ಗುಮ್ಮ ಮಾತ್ರ ಸ್ವಲ್ಪ ಉಪ್ಪು ಖಾರ ಹಚ್ಚಿದ್ದು. ವಿಜ್ಞಾನದ ಪರ ಇರುವ ಉತ್ಪ್ರೇಕ್ಷೆ ಅಂತ ಅದನ್ನು ಸುಮ್ಮನೆ ಬಿಡಬೇಕಾಗಿಲ್ಲ.

ಈಗ ಬೆಳಕಿನ ವೇಗಕ್ಕೆ ಬರೋಣ. ‘ಒಂದು ಕಾಲದಲ್ಲಿ ಶಬ್ದದ ವೇಗ ದಾಟಲು ಆಗಲ್ಲ ಅಂದಿದ್ದರು, ದಾಟಿದರು. ಇದೂ ಹಾಗೇ’ ಅನ್ನುವವರು ತುಂಬ ಜನ. ಹೋಲಿಕೆ ಚೆಂದ ಇದೆ, ಆದರೆ ಹೊಂದುವುದಿಲ್ಲ. ಬಂದೂಕಿನ ಗುಂಡು ವಿಮಾನಕ್ಕಿಂತ ಎಷ್ಟೋ ಮುಂಚೆಯೇ ಶಬ್ದದ ವೇಗ ದಾಟಿತ್ತು. ಬೆಳಕಿನ ವಿಷಯ ಬೇರೆ. ಜಿನೀವಾ ಹತ್ತಿರ ನೆಲದಡಿಯಲ್ಲಿ 27 ಕಿಲೋಮೀಟರಿನ ಉಂಗುರ ಇದೆ, ಎಲ್‌ಎಚ್‌ಸಿ ಅನ್ನುವ ಕಣಗಳನ್ನು ಓಡಿಸಿ ಡಿಕ್ಕಿ ಹೊಡೆಸುವ ಯಂತ್ರ. ಅದರಲ್ಲಿ ಪ್ರೋಟಾನ್‌ಗಳನ್ನು ಗಂಟೆಗಟ್ಟಲೆ ಓಡಿಸುತ್ತಾರೆ. ಉಂಗುರದೊಳಗೆ ಬರುವಾಗ ಒಂದು ಪ್ರೋಟಾನಿನ ಶಕ್ತಿ 450 ಗಿಗಾ ಎಲೆಕ್ಟ್ರಾನ್ ವೋಲ್ಟ್. ಆಗ ಅದು ಬೆಳಕಿಗಿಂತ ಸೆಕೆಂಡಿಗೆ ಸುಮಾರು 650 ಮೀಟರ್ ಹಿಂದೆ ಇರುತ್ತದೆ. ಅಲ್ಲಿಂದ ತಳ್ಳಿ ತಳ್ಳಿ ಶಕ್ತಿಯನ್ನು 6,800ಕ್ಕೆ ಏರಿಸುತ್ತಾರೆ, ಅಂದರೆ 15 ಪಟ್ಟು. ನ್ಯೂಟನ್ ಲೆಕ್ಕದಲ್ಲಿ ವೇಗ ಸುಮಾರು ನಾಲ್ಕು ಪಟ್ಟು ಆಗಬೇಕಿತ್ತು. ಆಗುವುದೇನು? ಸೆಕೆಂಡಿಗೆ 650 ಮೀಟರ್ ಇದ್ದ ಹಿನ್ನಡೆ 3 ಮೀಟರಿಗೆ ಇಳಿಯುತ್ತದೆ, ಅಷ್ಟೇ. ಕೊಟ್ಟ ಶಕ್ತಿ ಎಲ್ಲಿ ಹೋಯಿತು ಅಂತ ಕೇಳಿದರೆ, ಎಲ್ಲೂ ಹೋಗಿಲ್ಲ. ಡಿಕ್ಕಿ ಹೊಡೆಸಿದಾಗ ಆ ಶಕ್ತಿಯೇ ಹೊಸ ಕಣಗಳಾಗಿ ಆಚೆ ಬರುತ್ತದೆ. ವೇಗ ಮಾತ್ರ ಏರುವುದಿಲ್ಲ. ಆ ಯಂತ್ರದ ಆಯಸ್ಕಾಂತಗಳನ್ನೆಲ್ಲ ಈ ಲೆಕ್ಕದ ಮೇಲೆಯೇ ಕಟ್ಟಿದ್ದಾರೆ. ಲೆಕ್ಕ ತಪ್ಪಿದ್ದರೆ ಕಣಗಳ ಕಟ್ಟು ಒಂದು ಸುತ್ತೂ ತಿರುಗದೆ ಗೋಡೆಗೆ ಬಡಿಯುತ್ತಿತ್ತು.

ಹಾಗಾದರೆ ಬೆಳಕಿನ ಮಿತಿಯನ್ನು ಪ್ರಶ್ನಿಸಲೇಬಾರದಾ? ಪ್ರಶ್ನಿಸಿದ್ದಾರೆ, ಅದೂ ವಿಜ್ಞಾನಿಗಳೇ. ಸೆಪ್ಟೆಂಬರ್ 2011ರಲ್ಲಿ ಒಪೆರಾ ಅನ್ನುವ ಪ್ರಯೋಗದ ತಂಡ ಒಂದು ಬಾಂಬ್ ಹಾಕಿತು. ಎಲ್‌ಎಚ್‌ಸಿ ಇರುವ ಸರ್ನ್ ಸಂಸ್ಥೆಯಿಂದ ಇಟಲಿಯ ಗ್ರಾನ್ ಸಾಸೋ ಪ್ರಯೋಗಾಲಯಕ್ಕೆ, ಭೂಮಿಯ ಒಳಗಿಂದಲೇ 730 ಕಿಲೋಮೀಟರ್ ಹೋದ ನ್ಯೂಟ್ರಿನೋಗಳು (ಬಹುಮಟ್ಟಿಗೆ ಯಾವುದಕ್ಕೂ ತಗಲದೆ ತೂರಿಹೋಗುವ ಪುಟ್ಟ ಕಣಗಳು) ಬೆಳಕಿಗಿಂತ 60 ನ್ಯಾನೋಸೆಕೆಂಡ್ ಮೊದಲೇ ತಲುಪಿದ ಹಾಗೆ ಕಾಣುತ್ತಿದೆ ಅಂತ. ಬೆಳಕಿನ ಲೆಕ್ಕದಲ್ಲಿ ಹೇಳಿದರೆ 18 ಮೀಟರಿನ ಮುನ್ನಡೆ. ಅವರ ಹತ್ತಿರ ‘ಎಷ್ಟು’ ಅನ್ನುವುದಕ್ಕೆ ಉತ್ತರ ಇತ್ತು, ಎಷ್ಟು ಆಚೀಚೆ ಆಗಬಹುದು ಅನ್ನುವುದೂ ಇತ್ತು. ‘ನಮಗೆ ತಪ್ಪು ಸಿಗುತ್ತಿಲ್ಲ, ನೀವೂ ಹುಡುಕಿ’ ಅನ್ನುವ ಧಾಟಿಯಲ್ಲೇ ಅವರು ಅದನ್ನು ಮುಂದಿಟ್ಟರು.

ಬೇರೆಯವರು ತಕ್ಷಣ ಹಳೇ ಕಡತ ತೆಗೆದರು. 1987ರ ಫೆಬ್ರುವರಿಯಲ್ಲಿ ಪಕ್ಕದ ಪುಟ್ಟ ಗೆಲಾಕ್ಸಿಯೊಂದರಲ್ಲಿ ನಕ್ಷತ್ರ ಸಿಡಿದದ್ದು ಭೂಮಿಗೆ ಕಂಡಿತ್ತು. ದೂರ ಸುಮಾರು 1 ಲಕ್ಷ 68 ಸಾವಿರ ಜ್ಯೋತಿರ್ವರ್ಷ. ಒಪೆರಾ ಹೇಳಿದ ಪ್ರಮಾಣದಲ್ಲೇ ನ್ಯೂಟ್ರಿನೋ ಮುಂದೆ ಓಡುವುದಾದರೆ, ಆ ಸ್ಫೋಟದ ನ್ಯೂಟ್ರಿನೋಗಳು ಬೆಳಕಿಗಿಂತ ನಾಲ್ಕು ವರ್ಷ ಮೊದಲು, 1983ರ ಆಸುಪಾಸಿನಲ್ಲೇ ಬಂದುಬಿಡಬೇಕಿತ್ತು. ಬಂದದ್ದು ಕೇವಲ ಎರಡು ಮೂರು ಗಂಟೆ ಮೊದಲು. ಅದಕ್ಕೂ ಸರಳ ಕಾರಣ ಇದೆ: ನಕ್ಷತ್ರದ ಹೊಟ್ಟೆಯಿಂದ ನ್ಯೂಟ್ರಿನೋ ನೇರ ಆಚೆ ಬರುತ್ತದೆ, ಬೆಳಕು ಸ್ಫೋಟದ ಅಲೆ ಮೇಲ್ಮೈ ತಲುಪುವ ತನಕ ಕಾಯಬೇಕು. ಹಾಗಂತ ಇದೊಂದೇ ಕೊನೇ ಮಾತಾಗಲಿಲ್ಲ. ಎರಡೂ ಕಡೆಯ ನ್ಯೂಟ್ರಿನೋಗಳ ಶಕ್ತಿ ತೀರ ಬೇರೆ, ಅದರಿಂದ ಏನಾದರೂ ವ್ಯತ್ಯಾಸ ಬರಬಹುದಾ ಅಂತ ಕೆಲವರು ವಾದಿಸಿದರು. ಕೊನೆಗೆ 2012ರ ಆರಂಭದಲ್ಲಿ ಸಿಕ್ಕ ಕಳ್ಳ ಒಂದು ಫೈಬರ್ ಕೇಬಲ್. ಸರಿಯಾಗಿ ತಿರುಗಿಸಿ ಕೂರಿಸಿರಲಿಲ್ಲ. ಜೊತೆಗೆ ಒಂದು ಗಡಿಯಾರದ ಸಣ್ಣ ದೋಷವೂ ಇತ್ತು. ಅದೇ ಪ್ರಯೋಗಾಲಯದಲ್ಲಿದ್ದ ಇಕಾರಸ್ ಪ್ರಯೋಗ ಬೇರೆಯಾಗಿ ಅಳೆದಾಗ ಬೆಳಕಿನ ವೇಗವೇ ಬಂತು. ಇದನ್ನು ಕೆಲವರು ಅವಮಾನ ಅಂತ ಬರೆದರು. ನನಗೆ ಹಾಗನ್ನಿಸುವುದಿಲ್ಲ. ತಪ್ಪಿ ಬಿದ್ದಾಗ ಎಲ್ಲಿ ಬಿದ್ದೆವು ಅಂತ ಗೊತ್ತಾಗುವ ಹಾಗೆ ಬಿದ್ದರು.

ಪರಮಾಣು, ಎಲೆಕ್ಟ್ರಾನ್‌ನಂಥ ಅತಿ ಸಣ್ಣ ವಸ್ತುಗಳ ಲೆಕ್ಕಕ್ಕೆ ಬಳಸುವ ಕ್ವಾಂಟಮ್ ಅನ್ನುವ ಪದಕ್ಕೆ ಆಗಿರುವಷ್ಟು ಅನ್ಯಾಯ ಭೌತಶಾಸ್ತ್ರದ ಬೇರೆ ಯಾವ ಪದಕ್ಕೂ ಆಗಿಲ್ಲ. ಕ್ವಾಂಟಮ್ ನೀರು, ಕ್ವಾಂಟಮ್ ಚಿಕಿತ್ಸೆ, ಕ್ವಾಂಟಮ್ ಕಂಪನ. ಯಾವ ಕಂಪನ, ಎಷ್ಟು ಹರ್ಟ್ಜ್, ಯಾವ ಮೀಟರಿನಲ್ಲಿ ಕಾಣುತ್ತದೆ ಅಂತ ಕೇಳಿದರೆ ಮಾತು ಬೇರೆ ಕಡೆ ಹೊರಳುತ್ತದೆ. ಇದರ ಬಗ್ಗೆ ಇಷ್ಟು ಸಾಕು. ಇದಕ್ಕಿಂತ ಗಟ್ಟಿಯಾದದ್ದು ‘ನೋಡುವವರ ಮನಸ್ಸಿನಿಂದಲೇ ಲೋಕ ರೂಪ ಪಡೆಯುತ್ತದೆ ಅಂತ ಕ್ವಾಂಟಮ್ ವಿಜ್ಞಾನವೇ ಹೇಳಿದೆ’ ಅನ್ನುವ ವಾದ.

ಈ ಮಾತು ಹುಟ್ಟಿದ್ದು ಎರಡು ಸೀಳುಗಳ ಪ್ರಯೋಗದಿಂದ. ಎರಡು ಸೀಳುಗಳಿರುವ ತಡೆಯ ಕಡೆ ಒಂದೊಂದೇ ಎಲೆಕ್ಟ್ರಾನ್ ಕಳಿಸಿದರೂ ಆಚೆಯ ಪರದೆಯ ಮೇಲೆ ನಿಧಾನಕ್ಕೆ ಅಲೆಯ ಹಾಗೆ ಪಟ್ಟೆ ಪಟ್ಟೆ ಮೂಡುತ್ತದೆ. ಯಾವ ಸೀಳಿನಲ್ಲಿ ಹೋಯಿತು ಅಂತ ‘ನೋಡಿದರೆ’ ಪಟ್ಟೆ ಮಾಯ. ಹಾಗಾದರೆ ನಮ್ಮ ನೋಟವೇ ಅದನ್ನು ಬದಲಾಯಿಸಿತು, ಅಲ್ವಾ?

2004ರಲ್ಲಿ ವಿಯೆನ್ನಾದಲ್ಲಿ ಮಾಡಿದ ಒಂದು ಪ್ರಯೋಗ ಈ ಗಂಟನ್ನು ಚೆನ್ನಾಗಿ ಬಿಡಿಸುತ್ತದೆ. ಅಲ್ಲಿ ಬಳಸಿದ್ದು ಎಲೆಕ್ಟ್ರಾನ್ ಅಲ್ಲ, 70 ಕಾರ್ಬನ್ ಪರಮಾಣುಗಳು ಸೇರಿ ಆದ ದೊಡ್ಡ ಅಣು. ತುಂಬ ಸಣ್ಣ ಸೀಳುಗಳ ಜಾಲರಿ ದಾಟಿಸಿದಾಗ ಇಷ್ಟು ದೊಡ್ಡ ಅಣುವೂ ಅಲೆಯ ಪಟ್ಟೆ ತೋರಿಸುತ್ತದೆ. ಈಗ ದಾರಿಯಲ್ಲಿ ಅಣುಗಳನ್ನು ಲೇಸರಿನಿಂದ ಕಾಯಿಸಿದರು. ಕಾದ ಕಬ್ಬಿಣ ಕೆಂಪಗೆ ಹೊಳೆಯುವ ಹಾಗೆ, ಕಾದ ಅಣುವೂ ಹಾರುತ್ತಲೇ ಬೆಳಕಿನ ಕಣಗಳನ್ನು ಉಗುಳುತ್ತದೆ. ಹಾಗೆ ಉಗುಳಿದ ಬೆಳಕಿನಲ್ಲಿ ಅಣು ಎಲ್ಲಿತ್ತು ಅನ್ನುವ ಸುಳಿವು ಇರುತ್ತದೆ. ಆ ಬೆಳಕನ್ನು ಹಿಡಿಯಲು ಅಲ್ಲಿ ಯಾರೂ ಇರಲಿಲ್ಲ. ಅದು ಹೋಗಿ ಕೊಠಡಿಯ ಲೋಹದ ಗೋಡೆಗೆ ಬಡಿಯಿತು ಅಷ್ಟೇ. ಆದರೂ ಕಾಯಿಸಿದಷ್ಟೂ ಪಟ್ಟೆಗಳು ಮಸುಕಾದವು, ತುಂಬ ಕಾಯಿಸಿದಾಗ ಪೂರ್ತಿ ಅಳಿಸಿಹೋದವು. ಎಷ್ಟು ಕಾಯಿಸಿದರೆ ಎಷ್ಟು ಮಸುಕಾಗಬೇಕು ಅನ್ನುವ ಲೆಕ್ಕಕ್ಕೂ ಅಳತೆಗೂ ತಾಳೆ ಬಿತ್ತು.

ಅಂದರೆ ಇಲ್ಲಿ ‘ನೋಡುವುದು’ ಅಂದರೆ ಕಣ್ಣಿನ ಕೆಲಸವೂ ಅಲ್ಲ, ಮನಸ್ಸಿನ ಕೆಲಸವೂ ಅಲ್ಲ. ಕಣ ತಾನು ಎಲ್ಲಿದ್ದೆ ಅನ್ನುವ ಗುರುತನ್ನು ಸುತ್ತಲಿನ ಲೋಕದಲ್ಲಿ ಬಿಟ್ಟುಹೋಗುವುದು. ಗೋಡೆಯೂ ಆ ಕೆಲಸ ಮಾಡುತ್ತದೆ. ಇಷ್ಟಾದರೂ ಎಲ್ಲ ಬಗೆಹರಿಯಿತು ಅಂತಲ್ಲ. ಇರುವ ಹಲವು ಸಾಧ್ಯತೆಗಳಲ್ಲಿ ಕೊನೆಗೆ ಒಂದೇ ಫಲಿತಾಂಶ ನಮಗೆ ಕಾಣುವುದು ಯಾಕೆ ಅನ್ನುವುದರ ಬಗ್ಗೆ ಭೌತಶಾಸ್ತ್ರಜ್ಞರು ಇವತ್ತಿಗೂ ಕಿತ್ತಾಡುತ್ತಾರೆ. ಆ ಜಗಳ ನಿಜ, ಮನಸ್ಸಿನ ಮಹಿಮೆಗೆ ಪುರಾವೆ ಸಿಕ್ಕಿದೆ ಅನ್ನುವುದು ನಿಜವಲ್ಲ.

ಹೆಣೆದುಕೊಂಡ (ಎಂಟ್ಯಾಂಗಲ್ಡ್) ಕಣಗಳ ಕಥೆಯೂ ಹೀಗೇ. ಒಂದು ಕಣ ಇಲ್ಲಿ, ಅದರ ಜೋಡಿ ಎಲ್ಲೋ ದೂರದಲ್ಲಿ. ಇದನ್ನು ಅಳೆದರೆ ಅದಕ್ಕೆ ‘ತಕ್ಷಣ ಗೊತ್ತಾಗುತ್ತದೆ’ ಅಂತ ಬರೆಯುತ್ತಾರೆ. ಮೊದಲು ಬರುವ ಅನುಮಾನ: ಇದು ಎರಡು ಡಬ್ಬಿಯಲ್ಲಿ ಒಂದೊಂದು ಕೈಗವಸು ಇಟ್ಟ ಹಾಗೆ ಇರಬಹುದಲ್ವಾ? ಇಲ್ಲಿ ಎಡಗೈಯದು ಸಿಕ್ಕರೆ ಅಲ್ಲಿ ಬಲಗೈಯದು ಅಂತ ಗೊತ್ತಾಗುತ್ತದೆ, ಮಾಯವೇನಿಲ್ಲ. 1964ರಲ್ಲಿ ಭೌತವಿಜ್ಞಾನಿ ಜಾನ್ ಬೆಲ್ ಈ ಅನುಮಾನಕ್ಕೂ ‘ಎಷ್ಟು’ ಕೇಳಿದ. ಅವನ ದಾರಿಯಲ್ಲೇ ನಡೆದವರು, ಎರಡೂ ತುದಿಯ ಫಲಿತಾಂಶಗಳು ಒಂದಕ್ಕೊಂದು ಎಷ್ಟು ತಾಳೆಯಾಗುತ್ತವೆ ಅನ್ನುವುದನ್ನು ಒಂದು ಅಂಕಿಗೆ ಇಳಿಸಿದರು. ಕೈಗವಸಿನ ಥರ ಮೊದಲೇ ನಿರ್ಧಾರವಾಗಿದ್ದರೆ ಆ ಅಂಕಿ 2 ದಾಟಬಾರದು. ಕ್ವಾಂಟಮ್ ಲೆಕ್ಕ ಸರಿಯಿದ್ದರೆ 2.83ರ ತನಕ ಹೋಗಬಹುದು. 2015ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ 1.3 ಕಿಲೋಮೀಟರ್ ದೂರ ಇಟ್ಟು, ಹಿಂದಿನ ಪ್ರಯೋಗಗಳ ಲೋಪಗಳನ್ನೆಲ್ಲ ಮುಚ್ಚಿ ಅಳೆದಾಗ ಬಂದದ್ದು 2.42. ಕೈಗವಸು ಸೋತಿತು. ಈ ದಾರಿಯನ್ನು ಮೊದಲು ತುಳಿದ ಆಸ್ಪೆ, ಕ್ಲೌಸರ್, ಝೈಲಿಂಗರ್ ಅವರಿಗೆ 2022ರಲ್ಲಿ ನೊಬೆಲ್ ಬಂತು.

ಹಾಗಾದರೆ ಬೆಳಕಿಗಿಂತ ಬೇಗ ಸುದ್ದಿ ಕಳಿಸಬಹುದಾ? ಆಗಲ್ಲ. ಯಾಕೆ ಅನ್ನುವುದನ್ನು ಒಂದು ತುದಿಯಲ್ಲಿ ಕೂತು ನೋಡಿ. ನಿಮ್ಮ ಮುಂದೆ ಬರುವುದು ಸೊನ್ನೆ, ಒಂದು, ಒಂದು, ಸೊನ್ನೆ ಅಂತ ನಾಣ್ಯ ಚಿಮ್ಮಿದ ಹಾಗಿರುವ ಪಟ್ಟಿ. ಆ ತುದಿಯವರು ಅಳೆದರೂ ಇಷ್ಟೇ, ಅಳೆಯದೆ ಮನೆಗೆ ಹೋದರೂ ಇಷ್ಟೇ. ನಿಮ್ಮ ಪಟ್ಟಿಯಲ್ಲಿ ಒಂದು ಚುಕ್ಕೆಯೂ ಬದಲಾಗುವುದಿಲ್ಲ. ಇಬ್ಬರ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟಾಗ ಮಾತ್ರ ಆ 2.42 ಎದ್ದು ಕಾಣುತ್ತದೆ. ಅಕ್ಕಪಕ್ಕ ಇಡಬೇಕಾದರೆ ಒಂದು ಪಟ್ಟಿ ಮಾಮೂಲಿ ವೇಗದಲ್ಲೇ ಬರಬೇಕು.

ಇಷ್ಟು ಹೇಳಿದ ಮೇಲೆ ಬರುವ ಮಾತು ಗೊತ್ತಿದ್ದದ್ದೇ. ‘ಐನ್‌ಸ್ಟೈನ್ ಕೂಡ ಪೇಟೆಂಟ್ ಆಫೀಸಿನ ಗುಮಾಸ್ತ ಆಗಿದ್ದ. ಹೊರಗಿನವರ ಮಾತು ಯಾರು ಕೇಳ್ತಾರೆ?’ ಐನ್‌ಸ್ಟೈನ್ ಗುಮಾಸ್ತಗಿರಿಗೆ ಸೇರುವ ಮುಂಚೆಯೇ ಜ್ಯೂರಿಕ್‌ನಲ್ಲಿ ಭೌತಶಾಸ್ತ್ರ ಓದಿ ಮುಗಿಸಿದ್ದ. 1901ರಿಂದಲೇ ಜರ್ಮನಿಯ ಮುಖ್ಯ ಭೌತಶಾಸ್ತ್ರ ಪತ್ರಿಕೆಯಲ್ಲಿ ಅವನ ಲೇಖನಗಳು ಬರುತ್ತಿದ್ದವು. ನಿಜವಾಗಿ ಹೊರಗಿನವರ ಉದಾಹರಣೆ ಬೇಕಿದ್ದರೆ ಸತ್ಯೇಂದ್ರನಾಥ ಬೋಸ್ ಇದ್ದಾರೆ. 1924ರಲ್ಲಿ ಢಾಕಾದಿಂದ, ಪರಿಚಯವೇ ಇಲ್ಲದ ಐನ್‌ಸ್ಟೈನ್‌ಗೆ ಒಂದು ಪುಟ್ಟ ಲೇಖನ ಕಳಿಸಿದರು. ಐನ್‌ಸ್ಟೈನ್ ಸ್ವತಃ ಕೂತು ಅದನ್ನು ಜರ್ಮನ್‌ಗೆ ಅನುವಾದಿಸಿ ಅಚ್ಚಿಗೆ ಕಳಿಸಿದ.

ಯಾಕೆ ಕಳಿಸಿದ ಅನ್ನುವುದು ಮುಖ್ಯ. ಕಾದ ವಸ್ತು ಯಾವ ಬಣ್ಣದ ಬೆಳಕನ್ನು ಎಷ್ಟು ಸೂಸುತ್ತದೆ ಅಂತ ಹೇಳುವ ಪ್ಲಾಂಕ್‌ನ ಸೂತ್ರ ತಪ್ಪು ಅಂತ ಬೋಸ್ ಹೇಳಿರಲಿಲ್ಲ. ಅಳತೆಗೆ ಅದಾಗಲೇ ಚೆನ್ನಾಗಿ ಹೊಂದಿದ್ದ ಅದೇ ಸೂತ್ರವನ್ನು, ಬೆಳಕಿನ ಕಣಗಳನ್ನು ಎಣಿಸುವ ಹೊಸ ರೀತಿಯಿಂದ ಪಡೆದು ತೋರಿಸಿದ್ದರು. ಹಳೆಯ ಅಂಕಿ ಕೈಬಿಡಲಿಲ್ಲ, ದಾರಿ ಹೊಸದು. ಐನ್‌ಸ್ಟೈನ್ ಕೂಡ ನ್ಯೂಟನ್‌ಗೆ ಮಾಡಿದ್ದು ಇದನ್ನೇ. ಗುರುತ್ವ ಕಮ್ಮಿ, ವೇಗ ಕಮ್ಮಿ ಇರುವ ಕಡೆ ಅವನ ಸಮೀಕರಣಗಳಿಂದ ನ್ಯೂಟನ್‌ನ ಲೆಕ್ಕವೇ ಹೊರಬರುತ್ತದೆ. ನನಗೆ ಬರುವ ಹದಿನೈದಿಪ್ಪತ್ತು ಪುಟಗಳಲ್ಲಿ ಕಾಣೆಯಾಗಿರುವುದು ಈ ಭಾಗ. ಹೊಸದು ಹೇಳುವ ಆತುರದಲ್ಲಿ, ಹಳೆಯದು ಗಳಿಸಿಟ್ಟ ಅಂಕಿಗಳನ್ನು ತಿರುಗಿ ಗಳಿಸುವುದು ಮರೆತೇಹೋಗಿರುತ್ತದೆ.

ಡಾರ್ಕ್ ಮ್ಯಾಟರ್ ಪ್ರಶ್ನೆ ಉಳಿದಿದೆ, ಅದಕ್ಕೆ ಹಳೆಯದೊಂದು ಕಥೆ ಹೇಳಬೇಕು. ಯುರೇನಸ್ ಗ್ರಹ ಲೆಕ್ಕದ ಹಾದಿ ಬಿಟ್ಟು ಸ್ವಲ್ಪ ಆಚೀಚೆ ಓಡುತ್ತಿತ್ತು. ಫ್ರಾನ್ಸಿನ ಖಗೋಳವಿಜ್ಞಾನಿ ಲ ವೆರ್ಯೆ ‘ಕಾಣದ ಇನ್ನೊಂದು ಗ್ರಹ ಎಳೆಯುತ್ತಿದೆ’ ಅಂತ ಲೆಕ್ಕ ಹಾಕಿ ಜಾಗ ಬರೆದುಕೊಟ್ಟ. 23 ಸೆಪ್ಟೆಂಬರ್ 1846ರ ರಾತ್ರಿ ಬರ್ಲಿನ್‌ನಲ್ಲಿ ದೂರದರ್ಶಕ ತಿರುಗಿಸಿದರೆ, ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ನೆಪ್ಚೂನ್ ಕೂತಿತ್ತು. ಮುಂದೆ 1859ರಲ್ಲಿ ಅವನೇ ಬುಧ ಗ್ರಹದ ಹಾದಿಯಲ್ಲೂ ತಪ್ಪು ಹಿಡಿದ. ಅದರ ಕಕ್ಷೆ ತಿರುಗುತ್ತಾ ಹೋಗುವುದರಲ್ಲಿ ಸ್ವಲ್ಪ ಲೆಕ್ಕಕ್ಕೆ ಸಿಗದೆ ಉಳಿಯುತ್ತಿತ್ತು. ಆಮೇಲೆ ಇನ್ನೂ ನಿಖರವಾಗಿ ಅಳೆದಾಗ ಅದು ನೂರು ವರ್ಷಕ್ಕೆ 43 ಆರ್ಕ್‌ಸೆಕೆಂಡ್ ಅಂತಾಯಿತು (ಒಂದು ಡಿಗ್ರಿಯ 3,600ರ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಎಷ್ಟು ಸಣ್ಣದು ಅಂದರೆ, ಆ ಉಳಿಕೆಯೊಂದೇ ಕೂಡುತ್ತಾ ಹೋಗಿ ಒಂದು ಪೂರ್ತಿ ಸುತ್ತು ಆಗಬೇಕಾದರೆ 30 ಲಕ್ಷ ವರ್ಷ ಬೇಕು. ಲ ವೆರ್ಯೆ ಮತ್ತೆ ಹಳೇ ಮದ್ದೇ ಬರೆದ: ಕಾಣದ ಗ್ರಹ. ಹೆಸರೂ ಇಟ್ಟಾಯಿತು, ವಲ್ಕನ್. ಕಂಡೆವು ಅಂದವರೂ ಇದ್ದರು. ವಲ್ಕನ್ ಇರಲೇ ಇಲ್ಲ. 1915ರ ನವೆಂಬರಿನಲ್ಲಿ ಐನ್‌ಸ್ಟೈನ್‌ನ ಹೊಸ ಗುರುತ್ವ ಸಿದ್ಧಾಂತ, ಯಾವ ತಿರುಪೂ ಹೊಂದಿಸದೆ, ಆ 43ನ್ನು ಕೊಟ್ಟಿತು.

ಅದೇ ಮನುಷ್ಯ, ಅದೇ ತರ್ಕ. ಒಂದು ಸಲ ಕಾಣದ ವಸ್ತು ನಿಜವಾಗಿತ್ತು, ಇನ್ನೊಂದು ಸಲ ನಿಯಮವೇ ಬದಲಾಗಬೇಕಿತ್ತು. ಗೆಲಾಕ್ಸಿಗಳ ಅಂಚಿನ ನಕ್ಷತ್ರಗಳು ಲೆಕ್ಕಕ್ಕಿಂತ ಜೋರಾಗಿ ಸುತ್ತುವುದನ್ನು ನೋಡಿದಾಗಲೂ ಇವೆರಡೇ ದಾರಿ. ಡಾರ್ಕ್ ಮ್ಯಾಟರ್ ಅನ್ನುವುದು ನೆಪ್ಚೂನ್ ದಾರಿ. 1983ರಲ್ಲಿ ಭೌತವಿಜ್ಞಾನಿ ಮೋರ್ಡೆಹಾಯ್ ಮಿಲ್‌ಗ್ರಾಮ್ ಇನ್ನೊಂದು ದಾರಿ ಹಿಡಿದ: ವೇಗೋತ್ಕರ್ಷ ತೀರ ಕಮ್ಮಿ ಇರುವ ಕಡೆ ನಿಯಮವೇ ಬೇರೆ. ಎಷ್ಟು ಕಮ್ಮಿ ಅನ್ನುವುದಕ್ಕೂ ಅವನ ಲೆಕ್ಕದಲ್ಲಿ ಒಂದು ಅಂಕಿ ಇದೆ. ಆ ಒಂದೇ ಅಂಕಿಯಿಂದ ಬೇಕಾದಷ್ಟು ಗೆಲಾಕ್ಸಿಗಳ ಸುತ್ತಾಟ ಚೆನ್ನಾಗಿ ಹೊಂದುತ್ತದೆ. ಗೆಲಾಕ್ಸಿಗಳ ಗುಂಪಿಗೆ ಬಂದಾಗ ಮಾತ್ರ ಅಲ್ಲೂ ಕಾಣದ ದ್ರವ್ಯ ಸ್ವಲ್ಪ ಬೇಕೇ ಆಗುತ್ತದೆ. ಹೆಚ್ಚಿನವರು ಡಾರ್ಕ್ ಮ್ಯಾಟರ್ ಕಡೆ ಇರುವುದು ಅದಕ್ಕೇ, ಮತ್ತು ವಿಶ್ವದ ಬಾಲ್ಯದಲ್ಲಿ ಹೊರಟು ಇವತ್ತಿಗೂ ನಮ್ಮನ್ನು ತಲುಪುತ್ತಿರುವ ಹಳೇ ಬೆಳಕಿನ ಅಳತೆಗಳಿಗೂ ಅದು ಹೊಂದುವುದಕ್ಕೆ. ಆದರೆ ಮಿಲ್‌ಗ್ರಾಮ್‌ನ ಊಹೆಯನ್ನು ಯಾರೂ ಕಸದ ಬುಟ್ಟಿಗೆ ಹಾಕಲಿಲ್ಲ. ಅದಕ್ಕೆ ಸೋಲುವ ಯೋಗ್ಯತೆ ಇದೆ.

ಊಹೆ ಮಾಡಲು ತುದಿಗಾಲಲ್ಲಿ ನಿಂತವರಿಗೆ ಈಗ ಬಾಗಿಲು ತೆರೆದಿರುವ ಜಾಗವೂ ಇದೆ. ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಅಂತ ಎರಡು ದಾರಿಯಲ್ಲಿ ಅಳೆಯುತ್ತಾರೆ. ಹಳೇ ಬೆಳಕಿನಿಂದ ಲೆಕ್ಕ ಹಾಕಿದರೆ 67ರ ಆಸುಪಾಸು, ಹತ್ತಿರದ ನಕ್ಷತ್ರಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಅಳೆದರೆ 73ರ ಆಸುಪಾಸು. ಇದು ಒಂದು ಮೆಗಾಪಾರ್ಸೆಕ್ (ಸುಮಾರು 33 ಲಕ್ಷ ಜ್ಯೋತಿರ್ವರ್ಷ) ದೂರಕ್ಕೆ ಸೆಕೆಂಡಿಗೆ ಇಷ್ಟು ಕಿಲೋಮೀಟರ್ ಅನ್ನುವ ಲೆಕ್ಕ. ಈ ಅಂತರ ಎಲ್ಲಿಂದ ಬಂತು ಅಂತ ಇನ್ನೂ ಇತ್ಯರ್ಥವಾಗಿಲ್ಲ. ಯಾವುದೋ ಕೇಬಲ್ ಸಡಿಲ ಇರಬಹುದು, ನಿಯಮವೇ ಸಡಿಲ ಇರಬಹುದು. ನಿಮ್ಮ ಹತ್ತಿರ ಇದಕ್ಕೊಂದು ಉತ್ತರ ಇದ್ದರೆ ಖಂಡಿತ ಬರೆದು ಕಳಿಸಿ. ಮೊದಲನೇ ಪುಟದಲ್ಲೇ 67 ಮತ್ತು 73ರ ಲೆಕ್ಕ ಇರಲಿ. ಎರಡನೇ ಪುಟದಲ್ಲಿ ಬುಧನ 43.